ಸಾಲು ತೋರಿಸು

(ಅತ್ತಿಗುಂಡಿಯಲ್ಲಿ ಸೇರಿದ್ದ ಹಾಸ್ಟೆಲ್ ಮತ್ತು ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ. ಮಾತಾಡಿದಂತೆಯೇ ಬರೆದುಕೊಂಡದ್ದು.)



ಕಾನೂನು ಶಾಲೆಯ ಪ್ರವೇಶ ಪರೀಕ್ಷೆ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಅದರಲ್ಲೂ ಉದ್ದುದ್ದ ಗದ್ಯಭಾಗ ಕೊಟ್ಟು ಕೇಳುವ ಪ್ರಶ್ನೆಗಳಲ್ಲಿ ನಮ್ಮ ಹುಡುಗರು ಯಾಕೆ ಹಿಂದೆ ಬೀಳ್ತಾರೆ, ಅದಕ್ಕೆ ಏನು ಮಾಡಬೇಕು ಅಂತ ಹೇಳಿ ಅಂದಿದ್ದೀರಿ. ಹಾರ, ಸ್ವಾಗತ ಎಲ್ಲ ಬಿಟ್ಟು ನೇರ ವಿಷಯಕ್ಕೆ ಬರ್ತೀನಿ. ಗಿರಿಯಿಂದ ಇಳಿಯೋ ಕೊನೇ ಬಸ್ಸು ನಮ್ಮ ಭಾಷಣಕ್ಕೆ ಕಾಯೋದಿಲ್ಲ.

ಈ ಪರೀಕ್ಷೆಗೆ ಕ್ಲಾಟ್ ಅಂತಾರೆ. 2008 ರಲ್ಲಿ ಶುರುವಾಯಿತು. ಬೆಂಗಳೂರಿನ ನಾಗರಭಾವಿಯಲ್ಲಿರೋ ರಾಷ್ಟ್ರೀಯ ಕಾನೂನು ಶಾಲೆಯೂ ಸೇರಿ ದೇಶದ ಇಂಥ ಹೆಚ್ಚಿನ ಕಾನೂನು ವಿಶ್ವವಿದ್ಯಾಲಯಗಳಿಗೆ ಹೋಗಬೇಕಾದರೆ ಇದೇ ಬಾಗಿಲು. ಇತ್ತೀಚಿನ ವರ್ಷಗಳಲ್ಲಿ ಡಿಸೆಂಬರ್ ಮೊದಲ ವಾರದಲ್ಲಿ ನಡೀತಿದೆ, ಅಂದರೆ ನೀವು ಎರಡನೇ ಪಿಯುಸಿಯ ನಡುವಿನಲ್ಲಿ ಇರುವಾಗ. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಸರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಪಿಯುಸಿಯಲ್ಲಿ ಶೇಕಡ 40 ಬಂದರೆ ಸಾಕು. 120 ಪ್ರಶ್ನೆ, 120 ನಿಮಿಷ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿದರೆ ಕಾಲು ಅಂಕ ಕಿತ್ತುಕೊಳ್ತಾರೆ. ಅರ್ಜಿ ಶುಲ್ಕ ನಮಗೆ 3500 ರೂಪಾಯಿ, ಉಳಿದವರಿಗೆ 4000. ನಮ್ಮ ಮೇಲೆ ಬಂದ ಕರುಣೆ 500 ರೂಪಾಯಿ! ತೋಟದ ಕೂಲಿಯವರ ಮನೆಯಲ್ಲಿ ಅರ್ಜಿ ಹಾಕೋದಕ್ಕೇ ಸುಮಾರು ಒಂದು ವಾರದ ಕೂಲಿ ಹೋಯಿತು. ಇದರ ಮೇಲೆ ಬೇರೆ ದಿನ ಜಗಳ ಮಾಡೋಣ.

2020 ರಿಂದ ಈ ಪರೀಕ್ಷೆಯ ಸ್ವರೂಪವೇ ಬದಲಾಗಿದೆ. ಮೊದಲು ಬಾಯಿಪಾಠ ಮಾಡಿದವರಿಗೂ ಒಂದು ದಾರಿ ಇತ್ತು. ಈಗ ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು, ತರ್ಕ ಈ ನಾಲ್ಕಕ್ಕೂ ಸುಮಾರು 450 ಪದದವರೆಗಿನ ಗದ್ಯಭಾಗ ಕೊಟ್ಟು ಅದರ ಕೆಳಗೆ ಪ್ರಶ್ನೆ ಕೇಳ್ತಾರೆ. ಐದನೆಯದು ಲೆಕ್ಕ, ಅದೂ ಒಂದು ವಿವರಣೆ ಓದಿಯೇ ಮಾಡಬೇಕಾದ ಲೆಕ್ಕ. ಒಂದು ಅಂದಾಜು ಹಾಕಿ. ಇಪ್ಪತ್ತು ಭಾಗ, ತಲಾ 450 ಪದ ಅಂದರೆ 9000 ಪದ. ಅರ್ಧ ಹೊತ್ತು ಓದೋದಕ್ಕೆ, ಅರ್ಧ ಹೊತ್ತು ಉತ್ತರಕ್ಕೆ ಅಂತ ಇಟ್ಟುಕೊಂಡರೆ ನಿಮಿಷಕ್ಕೆ 150 ಪದ ಓದಬೇಕು, ಓದಿದ್ದು ತಲೆಯಲ್ಲಿ ನಿಲ್ಲಬೇಕು. ಎಲ್ಲವೂ ಇಂಗ್ಲಿಷಿನಲ್ಲಿ.

ಆದ್ದರಿಂದ ಇದು ಕಾನೂನಿನ ಪರೀಕ್ಷೆ ಅಂತ ಹೆಸರಿದ್ದರೂ ಅಸಲಿಗೆ ಕಾಗದ ಓದುವ ಪರೀಕ್ಷೆ. ಕಾಗದ ಓದೋದು ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಗಿರಿಯ ಸುತ್ತಿನ ತೋಟಗಳಲ್ಲಿ ಹಾಜರಿ ಬರೆದವನು ರೈಟರು, ಚೆಕ್‌ರೋಲ್ ಓದಿದವನೂ ರೈಟರು. ಎಷ್ಟು ದಿನ ಕೆಲಸ, ಎಷ್ಟು ಮುಂಗಡ ಮುರಿದದ್ದು, ಅವನು ಓದಿ ಹೇಳಿದ್ದೇ ಲೆಕ್ಕ. ಹೆಬ್ಬೆಟ್ಟು ಒತ್ತೋದಷ್ಟೇ ನಮ್ಮ ಪಾಲು. ಜಮೀನಿನ ಕಾಗದವನ್ನು ಶಾನುಭೋಗರು ಓದಿ ಹೇಳಿದರು, ಸಾಲದ ಪತ್ರವನ್ನು ಸಾಹುಕಾರ್ರು ಓದಿ ಹೇಳಿದರು. "ಅದು ಎಲ್ಲಿ ಬರೆದಿದೆ ತೋರ್ಸಿ ಸ್ವಾಮಿ" ಅಂತ ಕೇಳೋ ಶಕ್ತಿ ನಮಗಿರಲಿಲ್ಲ.

ಈ ಪರೀಕ್ಷೆ ಕೇಳೋದು ಅದೊಂದೇ ಪ್ರಶ್ನೆ. ಎಲ್ಲಿ ಬರೆದಿದೆ? ಸಾಲು ತೋರಿಸು.

ಒಂದು ಉದಾಹರಣೆ ತಗೊಳ್ಳೋಣ. ಕಾನೂನಿನ ವಿಭಾಗದಲ್ಲಿ ಒಂದು ನಿಯಮ ಕೊಡ್ತಾರೆ, ಆಮೇಲೆ ಒಂದು ಕಥೆ ಕೊಡ್ತಾರೆ. ನಿಯಮವನ್ನು ಕಥೆಗೆ ಹಚ್ಚಬೇಕು. ನಮ್ಮದೇ ನಿಯಮ ಇರಲಿ: ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಮುಂಚಿತ ಅನುಮತಿ ಇಲ್ಲದೆ ಯಾರೂ ಮಾರಕೂಡದು, ಯಾರೂ ಕೊಳ್ಳಕೂಡದು, ಹಾಗೆ ಮಾಡಿದ ಮಾರಾಟ ಸಿಂಧುವಲ್ಲ. ಇದು 1978 ರ ಪಿಟಿಸಿಎಲ್ ಕಾಯ್ದೆಯ ಒಂದು ಮುಖ್ಯ ಅಂಶ; ಕಾಯ್ದೆ ಜಾರಿಗೆ ಬಂದದ್ದು 1979 ರ ಜನವರಿ 1 ರಿಂದ. ಈಗ ಕಥೆ. ಒಬ್ಬ ಅಜ್ಜನಿಗೆ 1965 ರಲ್ಲಿ ಎರಡು ಎಕರೆ ಮಂಜೂರಾಯಿತು. 1985 ರಲ್ಲಿ ಅಜ್ಜ ಮಗಳ ಮದುವೆಗೆ ಅಂತ ಅದನ್ನು ಪಕ್ಕದ ತೋಟದವರಿಗೆ ಮಾರಿದ. ಅನುಮತಿ ಯಾರೂ ಕೇಳಲಿಲ್ಲ. ತೋಟದವರು ಪೂರ್ತಿ ಬೆಲೆ ಕೊಟ್ಟರು, ಕಾಫಿ ಹಾಕಿದರು. ಮಾರಾಟ ಸಿಂಧುವೇ?

ನಾಲ್ಕು ಉತ್ತರ ಕೊಡ್ತಾರೆ. ಒಂದು, ಸಿಂಧು, ಪೂರ್ತಿ ಬೆಲೆ ಕೊಟ್ಟಿದ್ದಾರೆ. ಎರಡು, ಸಿಂಧು, ಅಜ್ಜ ಒಪ್ಪಿಯೇ ಮಾರಿದ್ದಾನೆ. ಮೂರು, ಸಿಂಧುವಲ್ಲ, ಮುಂಚಿತ ಅನುಮತಿ ಇರಲಿಲ್ಲ. ನಾಲ್ಕು, ಸಿಂಧುವಲ್ಲ, ಯಾಕಂದ್ರೆ ಭೂಮಾಲೀಕರು ಯಾವಾಗಲೂ ದಲಿತರಿಗೆ ಮೋಸ ಮಾಡ್ತಾರೆ.

ನಮ್ಮ ಹುಡುಗರ ಕೈ ನಾಲ್ಕರ ಹತ್ತಿರ ಹೋಗುತ್ತೆ. ಯಾಕೆ ಹೋಗುತ್ತೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಆದರೆ ಪೇಪರಿನಲ್ಲಿ ಮೋಸದ ಮಾತೇ ಇಲ್ಲ. ಸಾಲು ತೋರಿಸು ಅಂದರೆ ಎಲ್ಲಿ ತೋರಿಸ್ತೀಯಪ್ಪ? ಮೂರಕ್ಕಾದರೆ ಸಾಲಿದೆ. ನಾಲ್ಕು ಹಾಕಿದವನ ಸಿಟ್ಟು ನ್ಯಾಯವಾದದ್ದೇ, ಆದರೆ ಒಂದೂಕಾಲು ಅಂಕ ಹೋಯಿತು. ಕೋರ್ಟಿನಲ್ಲಾದರೆ ಎರಡು ಎಕರೆ ಹೋಗುತ್ತೆ.

ಈಗ ಕಥೆಯನ್ನು ಸ್ವಲ್ಪ ತಿರುಗಿಸ್ತಾರೆ. ಮಾರಿದ ಆರು ತಿಂಗಳ ಮೇಲೆ ಅನುಮತಿ ಸಿಕ್ಕಿತು ಅನ್ನಿ. ಆಗ? ನಿಯಮದಲ್ಲಿ 'ಮುಂಚಿತ' ಅನ್ನೋ ಪದ ಕಣ್ಣಿಗೆ ಬಿದ್ದವನಿಗೆ ಉತ್ತರ ಸಿಕ್ಕಿತು. ಅದನ್ನು ಹಾರಿಸಿ ಓದಿದವನಿಗೆ ಸಿಗಲಿಲ್ಲ. ಇನ್ನೊಮ್ಮೆ ತಿರುಗಿಸ್ತಾರೆ: ಆ ಎರಡು ಎಕರೆ ಮಂಜೂರಾದದ್ದಲ್ಲ, ಅಜ್ಜ ಕೂಲಿ ದುಡ್ಡು ಕೂಡಿಟ್ಟು ಬೇರೆಯವರ ಹತ್ತಿರ ಕೊಂಡದ್ದು. ಆಗ ಈ ನಿಯಮ ಅದಕ್ಕೆ ತಾಗುವುದೇ ಇಲ್ಲ. ಅಜ್ಜ ಅದೇ ಅಜ್ಜ, ಬಡತನ ಅದೇ ಬಡತನ. ಆದರೆ ಕಾಗದದ ಮಾತು ಬೇರೆ.

ಇದು ಬರೀ ಪರೀಕ್ಷೆಯ ಆಟ ಅಂದುಕೋಬೇಡಿ. ಇದೇ ಕಾಯ್ದೆಯ ಕಥೆ ಕೇಳಿ. ಈ ಕಾನೂನೇ ಸಂವಿಧಾನಕ್ಕೆ ವಿರುದ್ಧ ಅಂತ ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. 1984 ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಜಮೀನು ಬಿಡಿಸಿಕೊಡಿ ಅಂತ ಅರ್ಜಿ ಹಾಕೋದಕ್ಕೆ ಇಷ್ಟೇ ವರ್ಷ ಅಂತ ಕಾಯ್ದೆಯಲ್ಲಿ ಬರೆದಿರಲಿಲ್ಲ. ಬರೆದಿಲ್ಲ ಅಂದಮೇಲೆ ಯಾವಾಗ ಬೇಕಾದರೂ ಹಾಕಬಹುದು ಅಂತ ನಮ್ಮವರು ಓದಿದರು. 2017 ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೇರೆ ಥರ ಓದಿತು: ಕಾಲಮಿತಿ ಬರೆದಿಲ್ಲದಿದ್ದರೂ ಸಮಂಜಸ ಕಾಲದೊಳಗೆ ಬರಬೇಕು, ಸುಮಾರು 25 ವರ್ಷ ಬಿಟ್ಟು ಬಂದರೆ ಆಗೋದಿಲ್ಲ. ಆ ತೀರ್ಪು ಬಂದ ಮೇಲೆ ಎಸಿ ಕೋರ್ಟಿನಲ್ಲಿ, ಡಿಸಿ ಕೋರ್ಟಿನಲ್ಲಿ ನಮ್ಮವರ ಎಷ್ಟೋ ಅರ್ಜಿಗಳು ಬಿದ್ದುಹೋದವು. ಬೀದಿಗಿಳಿದು ಹೋರಾಟ ಮಾಡಿದ ಮೇಲೆ 2023 ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದರು, ಅರ್ಜಿಗೆ ಕಾಲಮಿತಿ ಇಲ್ಲ ಅಂತ ಬರೆದೇಬಿಟ್ಟರು. ಗೆದ್ದೆವು ಅಂತ ನಾವೆಲ್ಲ ಚಪ್ಪಾಳೆ ಹೊಡೆದೆವು. 2024 ರಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು: 'ಕಾಲಮಿತಿ' ಬೇರೆ, 'ವಿಳಂಬ' ಬೇರೆ, ಶಾಸಕಾಂಗ ತೆಗೆದದ್ದು ಕಾಲಮಿತಿಯನ್ನು, ವಿಳಂಬದ ಪ್ರಶ್ನೆ ಹಾಗೇ ಉಳಿದಿದೆ.

ನೋಡಿ, ಎರಡು ಪದ. ಎರಡಕ್ಕೂ ಮನೆಯಲ್ಲಿ ನಾವು 'ತಡ' ಅಂತಲೇ ಅಂತೀವಿ. ತೋಟದ ಬೇಲಿಯೊಳಗೆ ಸೇರಿಹೋದ ಜಮೀನು ಹೊರಗೆ ಬರೋದು ಬಿಡೋದು ಈಗ ಆ ಎರಡು ಪದಗಳ ನಡುವಿನ ಸಂದಿಯಲ್ಲಿದೆ. ಆ ಪೀಠ ಓದಿದ್ದು ಸರಿಯೋ ತಪ್ಪೋ ಅಂತ ವಾದ ಮಾಡೋದಕ್ಕೆ ನಮ್ಮ ಕಡೆಯಿಂದ ಕರೀಕೋಟು ಹಾಕಿಕೊಂಡು ನಿಲ್ಲೋರು ಬೇಕು. ಅದಕ್ಕೇ ಈ ದಿನ ಈ ಸಭೆ.

ಇನ್ನು ಇಂಗ್ಲಿಷಿನ ವಿಷಯ. ಈಗ ತಾನೇ ಒಬ್ಬ ತಂಗಿ ಚೀಟಿ ಕಳಿಸಿದ್ದಾಳೆ: "ಅಣ್ಣ, ನಾವು ಕನ್ನಡ ಮೀಡಿಯಂ, ನಮಗೆ ಇದೆಲ್ಲ ಆಗುತ್ತಾ?" ನ್ಯಾಯವಾದ ಪ್ರಶ್ನೆ. ಪ್ರಾದೇಶಿಕ ಭಾಷೆಗಳಲ್ಲೂ ಈ ಪರೀಕ್ಷೆ ನಡೆಸಿ ಅಂತ 2023 ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಗಿತ್ತು. ಆ ಬೇಡಿಕೆಯನ್ನು ನಾವು ಬಿಡಬಾರದು. ಹಾಗಂತ ಈ ಡಿಸೆಂಬರಿಗೆ ಕೂರೋ ಹುಡುಗಿ ಅದಕ್ಕಾಗಿ ಕಾಯ್ತಾ ಕೂರೋದಕ್ಕೂ ಆಗೋದಿಲ್ಲ. 1973 ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಬೂಸಾ ಅನ್ನೋ ಮಾತಾಡಿದಾಗ ಇಂಗ್ಲಿಷಿನ ತಿಳಿವಳಿಕೆಯೂ ಬೇಕು ಅಂತ ಅವರ ವಾದ ಇತ್ತು. ಅದಕ್ಕೆ ಮಂತ್ರಿಗಿರಿ ಹೋಯಿತು, ಹಾಸ್ಟೆಲ್ ಹುಡುಗರು ಬೀದಿಯಲ್ಲಿ ಏಟು ತಿಂದರು. ಕನ್ನಡ ಬಿಡಿ ಅಂತ ನಾನು ಹೇಳ್ತಿಲ್ಲ. ಕನ್ನಡದಲ್ಲಿ ಗಟ್ಟಿಯಾಗಿ ಓದೋನಿಗೆ ಇಂಗ್ಲಿಷಿನಲ್ಲಿ ಓದೋದು ಅರ್ಧ ಕೆಲಸ. ಕನ್ನಡದಲ್ಲೂ ಮೇಲಿಂದ ಮೇಲೆ ಕಣ್ಣಾಡಿಸೋನಿಗೆ ಯಾವ ಕೋಚಿಂಗೂ ಉಪಯೋಗವಿಲ್ಲ.

ಕನ್ನಡ ಮೀಡಿಯಮ್ಮಿನವರು ಎಡವೋ ಒಂದು ಜಾಗ ಇದೆ, ಇದನ್ನು ಕೋಚಿಂಗಿನವರು ಹೇಳಿಕೊಡೋದಿಲ್ಲ. ಕನ್ನಡದಲ್ಲಿ ವಾಕ್ಯದ ಗುಟ್ಟು ಕೊನೆಯಲ್ಲಿರುತ್ತೆ. ಯಾರೂ, ಯಾವ ಜಮೀನನ್ನೂ, ಯಾರಿಗೂ, ಮಾರಕೂಡದು. ಆಯಿತೋ ಇಲ್ಲವೋ ಅನ್ನೋದು ಕೊನೇ ಪದ ಬಂದ ಮೇಲೇ ಗೊತ್ತಾಗೋದು. ಹಾಗಾಗಿ ನಮ್ಮ ಕಣ್ಣು ವಾಕ್ಯದ ಬಾಲವನ್ನು ಹುಡುಕುತ್ತೆ. ಇಂಗ್ಲಿಷಿನಲ್ಲಿ 'ನೋ ಪರ್ಸನ್ ಶಲ್' ಅಂತ ಮೊದಲನೇ ಪದದಲ್ಲೇ ಇಲ್ಲ ಅಂದುಬಿಡ್ತಾರೆ. ಆಮೇಲೆ ಮೂರು ಸಾಲು ಎಳೀತಾರೆ. ಬಾಲದ ಹತ್ತಿರ ಬರೋ ಹೊತ್ತಿಗೆ ತಲೆಯಲ್ಲಿದ್ದ 'ನೋ' ಮರೆತುಹೋಗಿರುತ್ತೆ, ಮಾರಬಹುದು ಅಂತ ಅರ್ಥವಾಗಿರುತ್ತೆ! ಆದ್ದರಿಂದ ಉದ್ದನೆಯ ಇಂಗ್ಲಿಷ್ ವಾಕ್ಯ ಬಂದಾಗ ಮೊದಲು ಕ್ರಿಯಾಪದ ಹುಡುಕಿ, ಅದರ ಹಿಂದೆ ನೋ, ನಾಟ್, ನೆವರ್ ಇದೆಯಾ ನೋಡಿ, ಯಾರು ಮಾಡೋದು ಅಂತ ನೋಡಿ. ಬೆನ್ನ ಹಿಂದೆ ಬರೋ 'ವಿಚ್', 'ಹೂ' ಇವೆಲ್ಲ ಬರೀ ವಿಶೇಷಣ, ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಇನ್ನು ಕೆಲವು ಪದಗಳಿವೆ, ಗೇಟಿನ ಚಿಲಕದ ಹಾಗೆ. ಹೌಎವರ್ ಅಂದರೆ ಇಲ್ಲಿಂದ ಮಾತು ತಿರುಗಿತು. ಆಲ್ದೋ ಅಂದರೆ ಮೊದಲರ್ಧ ಬರೀ ಒಪ್ಪಿಗೆ, ಅಸಲು ಮಾತು ಎರಡನೇ ಅರ್ಧದಲ್ಲಿದೆ. ಅನ್‌ಲೆಸ್ ಅಂದರೆ ಇದು ಆಗದ ಹೊರತು. ಪ್ರೊವೈಡೆಡ್ ದಟ್ ಅಂದರೆ ಷರತ್ತು ಬಂತು, ಕೊಟ್ಟದ್ದರಲ್ಲಿ ಒಂದು ಭಾಗ ವಾಪಸ್ ತಗೊಂಡರು. ನಾಟ್‌ವಿತ್‌ಸ್ಟ್ಯಾಂಡಿಂಗ್ ಅಂದರೆ ಬೇರೆ ಕಾನೂನು ಏನಾದರೂ ಹೇಳಿಕೊಳ್ಳಲಿ, ಇಲ್ಲಿ ನಡೆಯೋದು ಇದೇ. ಇಂಥ ಇಪ್ಪತ್ತು ಮೂವತ್ತು ಪದ ಕೈವಶವಾದರೆ ಗೊತ್ತಿಲ್ಲದ ದೊಡ್ಡ ಪದಗಳು ಬಂದರೂ ಗದ್ಯದ ದಾರಿ ತಪ್ಪೋದಿಲ್ಲ. ಪ್ರತಿ ಪದಕ್ಕೂ ಡಿಕ್ಷನರಿ ತೆಗೀಬೇಡಿ. ಅಡಿಗೆರೆ ಹಾಕಿ ಮುಂದೆ ಹೋಗಿ, ಹಿಂದೆಮುಂದಿನಿಂದ ಊಹಿಸಿ, ಪೂರ್ತಿ ಮುಗಿದ ಮೇಲೆ ಊಹೆ ಸರಿಯಾ ಅಂತ ನೋಡಿ.

ಇನ್ನೊಂದು ಅಪಾಯದ ಜಾಗ. ಗದ್ಯಭಾಗದಲ್ಲಿ ನಮಗೆ ಆಗದ ಮಾತು ಬರುತ್ತೆ. ಮೀಸಲಾತಿ ಸಾಕು ಅಂತ ಒಬ್ಬ ಬರೆದಿರ್ತಾನೆ, ಜಾತಿ ಈಗೆಲ್ಲಿದೆ ಅಂತ ಇನ್ನೊಬ್ಬ. ಕೆಳಗೆ ಪ್ರಶ್ನೆ: ಲೇಖಕ ಇವುಗಳಲ್ಲಿ ಯಾವುದನ್ನು ಒಪ್ಪುತ್ತಾನೆ? ನಾವು ನಮ್ಮ ಉತ್ತರ ಬರೆದು ಬರ್ತೀವಿ. ಅವನು ಕೇಳಿದ್ದು ಲೇಖಕನ ಅಭಿಪ್ರಾಯವನ್ನು ಮಾರಾಯ್ರೆ, ನಿಮ್ಮದನ್ನಲ್ಲ! ಇಂಥ ಕಡೆ ಸಿಟ್ಟನ್ನು ಅರ್ಧ ಗಂಟೆ ಜೇಬಿನಲ್ಲಿ ಇಟ್ಟುಕೋಬೇಕು. ಬಾಬಾಸಾಹೇಬರನ್ನು ನೋಡಿ. 1936 ರಲ್ಲಿ ಜಾತಿ ವಿನಾಶದ ಭಾಷಣವನ್ನು ಅಚ್ಚು ಹಾಕಿಸಿದರು. ಗಾಂಧಿಯವರು ಹರಿಜನ ಪತ್ರಿಕೆಯಲ್ಲಿ ಅದನ್ನು ಟೀಕಿಸಿದರು. 1937 ರ ಎರಡನೇ ಮುದ್ರಣದಲ್ಲಿ ಬಾಬಾಸಾಹೇಬರು ಗಾಂಧಿಯವರ ಟೀಕೆಯನ್ನೂ ಸೇರಿಸಿಯೇ ಅದಕ್ಕೆ ಉತ್ತರ ಕೊಟ್ಟರು. ಎದುರಾಳಿ ಏನು ಹೇಳಿದ ಅಂತ ಮುಚ್ಚಿಡಲಿಲ್ಲ, ತಿರುಚಲಿಲ್ಲ. ಎದುರಾಳಿಯ ಮಾತನ್ನು ಅವನಿಗಿಂತ ಸರಿಯಾಗಿ ಹೇಳಬಲ್ಲವನೇ ವಕೀಲ.

ತಪ್ಪು ಉತ್ತರಗಳಿಗೂ ಜಾತಿಗಳಿವೆ. ಲೋಕದಲ್ಲಿ ನಿಜ, ಆದರೆ ಪೇಪರಿನಲ್ಲಿ ಇಲ್ಲದ್ದು ಒಂದು ಜಾತಿ. ಪೇಪರಿನ ಪದಗಳನ್ನೇ ಎತ್ತಿಕೊಂಡು ಅರ್ಥ ತಿರುಗಿಸಿದ್ದು ಇನ್ನೊಂದು, ಇದು ಬಹಳ ಮೋಸದ್ದು. 'ಕೆಲವರು' ಅಂತ ಇದ್ದದ್ದನ್ನು 'ಎಲ್ಲರು' ಮಾಡಿದ್ದು ಮತ್ತೊಂದು. ಇಲ್ಲಿ ಅತ್ತಿಗುಂಡಿಯಲ್ಲಿ ಯಾರನ್ನು ಕೇಳಿದರೂ ಬಾಬಾಬುಡನ್ ಏಳು ಕಾಫಿ ಬೀಜ ತಂದರು ಅಂತಾರೆ. ಗದ್ಯದಲ್ಲಿ 'ತಂದರೆಂದು ಪ್ರತೀತಿ' ಅಂತಿದ್ದರೆ, 'ತಂದರೆಂದು ಸಾಬೀತಾಗಿದೆ' ಅನ್ನೋ ಉತ್ತರ ತಪ್ಪು. ಎರಡರ ನಡುವೆ ಇರೋ ಅಂತರ ಹಿಡಿಯೋದೇ ಓದು. ನಾಲ್ಕರಲ್ಲಿ ಎರಡನ್ನು ಹೀಗೆ ಕಾರಣ ಕೊಟ್ಟು ಹೊಡೆದುಹಾಕಿದ್ದರೆ ಉಳಿದ ಎರಡರಲ್ಲಿ ಒಂದನ್ನು ಗುರುತು ಮಾಡಿ, ಬಿಡಬೇಡಿ. ಲೆಕ್ಕ ಹಾಕಿ ನೋಡಿ, ಕಾಲು ಅಂಕದ ಭಯಕ್ಕೆ ಅಲ್ಲಿ ಖಾಲಿ ಬಿಡೋದು ನಷ್ಟ. ಪ್ರಚಲಿತ ವಿದ್ಯಮಾನದ ವಿಭಾಗಕ್ಕೆ ಮಾತ್ರ ಈ ಸಾಲಿನ ಮಾತು ನಡೆಯೋದಿಲ್ಲ. ಅಲ್ಲಿ ಗದ್ಯಭಾಗ ಬರೀ ನೆಪ, ಉತ್ತರ ಹೊರಗಿನ ತಿಳಿವಳಿಕೆಯಿಂದ ಬರಬೇಕು. ಅಲ್ಲಿ ಹೊತ್ತು ಕಳೀಬೇಡಿ, ಗೊತ್ತಿದ್ದರೆ ಗೊತ್ತು.

ಪೇಪರ್ ತೆಗೆದವರು ಸರ್ವಜ್ಞರೂ ಅಲ್ಲ. 2024 ರ ಡಿಸೆಂಬರಿನಲ್ಲಿ ನಡೆದ ಪರೀಕ್ಷೆಯ ಉತ್ತರಗಳು ಸರಿಯಿಲ್ಲ ಅಂತ ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 2025 ರಲ್ಲಿ ಮೊದಲು ದೆಹಲಿ ಹೈಕೋರ್ಟು, ಆಮೇಲೆ ಸುಪ್ರೀಂ ಕೋರ್ಟು ಕೆಲವು ಪ್ರಶ್ನೆಗಳನ್ನು ತಿದ್ದಿಸಿದವು. ಹೋದವರ ಕೈಯಲ್ಲಿ ಇದ್ದದ್ದೂ ಅದೇ ಪ್ರಶ್ನೆಪತ್ರಿಕೆಯ ಸಾಲುಗಳು.

ಇಲ್ಲಿ ಒಬ್ಬರ ಹೆಸರು ಹೇಳಬೇಕು. ಶಮ್ನಾದ್ ಬಷೀರ್. ಕೇರಳದವರು, ಬೆಂಗಳೂರಿನ ಕಾನೂನು ಶಾಲೆಯಲ್ಲೇ ಓದಿದವರು, ಆಮೇಲೆ ಕೋಲ್ಕತ್ತಾದಲ್ಲಿ ಪ್ರೊಫೆಸರ್ ಆಗಿದ್ದರು. ಈ ಕಾನೂನು ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಮ್ಮಿನ ಉಳ್ಳವರ ಮಕ್ಕಳೇ ತುಂಬಿಕೊಂಡಿದ್ದಾರೆ ಅಂತ ನೋಡಿ 2010 ರಲ್ಲಿ 'ಇದಿಯಾ' ಅನ್ನೋ ಸಂಸ್ಥೆ ಕಟ್ಟಿದರು. ಬಡವರ ಮಕ್ಕಳನ್ನು, ಕಣ್ಣಿಲ್ಲದ ಮಕ್ಕಳನ್ನು ಹುಡುಕಿ ಈ ಪರೀಕ್ಷೆಗೆ ತಯಾರು ಮಾಡೋದು, ಸೇರಿದ ಮೇಲೂ ಜೊತೆಗೆ ನಿಲ್ಲೋದು ಅದರ ಕೆಲಸ. ಪರೀಕ್ಷೆಯ ಅವ್ಯವಸ್ಥೆ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನೂ ಹಾಕಿದ್ದರು. 2019 ರ ಆಗಸ್ಟಿನಲ್ಲಿ ಇದೇ ಬಾಬಾಬುಡನ್‌ಗಿರಿಯ ಕಡೆ ಬಂದಿದ್ದಾಗ ಅವರು ತೀರಿಹೋದರು, ತಮ್ಮ ಕಾರಿನಲ್ಲಿ ಶವವಾಗಿ ಸಿಕ್ಕರು. ನಮ್ಮ ಗಿರಿಯಲ್ಲಿ ಕೊನೆಯುಸಿರೆಳೆದ ಆ ಮನುಷ್ಯ ಏನು ಮಾಡಿದ್ದರು ಅಂತ ಇಲ್ಲಿನ ಎಷ್ಟು ಜನಕ್ಕೆ ಗೊತ್ತು? ಅವರ ಸಂಸ್ಥೆ ಇದೆ. ಅರ್ಜಿ ಬರೆಯಿರಿ, ಕೇಳಿ.

ಸೀಟಿನ ಲೆಕ್ಕವನ್ನೂ ತಿಳಿದುಕೊಳ್ಳಿ. ನಾಗರಭಾವಿಯ ಶಾಲೆ ಹುಟ್ಟಿದ್ದು ನಮ್ಮ ರಾಜ್ಯದ 1986 ರ ಕಾಯ್ದೆಯಿಂದ. ಅಲ್ಲಿ ಪರಿಶಿಷ್ಟ ಜಾತಿಗೆ ಶೇಕಡ 15, ಪಂಗಡಕ್ಕೆ ಏಳೂವರೆ. ಅದರ ಜೊತೆಗೆ, ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇಕಡ 25 ರ ಅಡ್ಡ ಮೀಸಲಾತಿ ಇದೆ. ಒಂದನೇ ಕ್ಲಾಸಿನಿಂದ ಸರ್ಕಾರಿ ಶಾಲೆಯಲ್ಲಿ ಓದಿದ ನಿಮಗೆ ಇದು ಎರಡೂ ಕಡೆಯಿಂದ ಬರೋ ಹಕ್ಕು. ಅಲ್ಲಿ ಸಿಗದಿದ್ದರೆ ವಕೀಲಿಕೆಯ ಬಾಗಿಲು ಮುಚ್ಚಿಹೋಗೋದಿಲ್ಲ. 2009 ರಲ್ಲಿ ಆದ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಕ್ಲಾಟ್ ಬೇಕಿಲ್ಲ. ಆದರೆ ಈ ಓದು ಅಲ್ಲಿಯೂ ಬೇಕು.

ಈಗ ಕೆಲಸದ ಮಾತು. ಹಾಸ್ಟೆಲಿಗೆ ಪೇಪರು ಬರುತ್ತೆ, ವಾರ್ಡನ್ ಟೇಬಲಿನ ಮೇಲೆ ಮಡಚಿದ ಹಾಗೇ ಸಂಜೆವರೆಗೆ ಬಿದ್ದಿರುತ್ತೆ. ಅದನ್ನು ಕೇಳಿ ತಗೊಳ್ಳಿ, ಅದು ನಿಮ್ಮದು. ಪ್ರಜಾವಾಣಿಯ ಸಂಪಾದಕೀಯ ಓದಿ, ಪೇಪರ್ ಮುಚ್ಚಿ, ಬರೆದವರ ಮುಖ್ಯ ಮಾತು ಏನು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ. ಮೊದಲ ಒಂದು ತಿಂಗಳು ಕನ್ನಡದಲ್ಲೇ ಮಾಡಿ. ಆಮೇಲೆ ಒಂದು ಸುದ್ದಿಯನ್ನು ಪ್ರಜಾವಾಣಿಯಲ್ಲಿ ಓದಿ, ಅದೇ ಸುದ್ದಿಯನ್ನು ಡೆಕ್ಕನ್ ಹೆರಾಲ್ಡಿನಲ್ಲಿ ಓದಿ. ಎರಡೂ ಒಂದೇ ಮನೆಯ ಪೇಪರು. ವಿಷಯ ಮೊದಲೇ ಗೊತ್ತಿರೋದ್ರಿಂದ ಇಂಗ್ಲಿಷ್ ಹೆದರಿಸೋದಿಲ್ಲ, ಗೊತ್ತಿಲ್ಲದ ಪದವೂ ತಾನಾಗಿ ಬಿಚ್ಚಿಕೊಳ್ಳುತ್ತೆ. ಗಡಿಯಾರ ಇಟ್ಟುಕೊಂಡು ನಿಮಿಷಕ್ಕೆ ಎಷ್ಟು ಪದ ಅಂತ ವಾರಕ್ಕೊಮ್ಮೆ ಎಣಿಸಿ. 80 ಬಂದರೂ ನಾಚಿಕೆ ಬೇಡ, ಬರೆದಿಡಿ. ಬರೀ ವೇಗಕ್ಕೆ ಓಡಬೇಡಿ, ಅರ್ಥ ಕೈಗೆ ಸಿಗದೆ ವೇಗ ಹೆಚ್ಚಾದರೆ ಅದು ಪುಟ ತಿರುಗಿಸೋದಷ್ಟೇ.

ಒಬ್ಬೊಬ್ಬರೇ ಕೂರಬೇಡಿ, ನಾಲ್ಕು ಜನ ಕೂತ್ಕೊಳ್ಳಿ. ಪರೀಕ್ಷೆ ನಡೆಸೋ ಒಕ್ಕೂಟದವರೇ ಹಳೇ ಪ್ರಶ್ನೆಪತ್ರಿಕೆಗಳನ್ನು ಪುಕ್ಕಟೆ ಹಾಕಿದ್ದಾರೆ, ಒಬ್ಬರ ಫೋನಿನಿಂದ ತೆಗೆದು ಜೆರಾಕ್ಸ್ ಮಾಡಿಸಿ. ಒಬ್ಬ ಉತ್ತರ ಹೇಳಲಿ. ಉಳಿದ ಮೂವರು ಸರಿ ಅನ್ನಬಾರದು, ತಪ್ಪು ಅನ್ನಬಾರದು. "ಸಾಲು ತೋರಿಸು" ಅನ್ನಬೇಕು. ಬೆರಳಿಟ್ಟು ತೋರಿಸಿದರೆ ಮಾತ್ರ ಉತ್ತರ. ತಪ್ಪಾದ ಮೂರು ಉತ್ತರ ಯಾಕೆ ತಪ್ಪು ಅಂತಲೂ ಹೇಳಬೇಕು, ಅದಕ್ಕೂ ಸಾಲು ಬೇಕು. ತಪ್ಪಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೀರಿ: ಪದ ಗೊತ್ತಿರಲಿಲ್ಲವೋ, 'ನೋ' ಹಾರಿಹೋಯಿತೋ, ಸಿಟ್ಟು ಉತ್ತರ ಬರೆಯಿತೋ. ಎರಡು ತಿಂಗಳಲ್ಲಿ ಯಾವುದು ಜಾಸ್ತಿ ಅಂತ ನಿಮಗೇ ಕಾಣುತ್ತೆ. ಒಬ್ಬೊಬ್ಬರಿಗೆ ಒಂದೊಂದು ಇರುತ್ತೆ.

ಆಯಿತು, ಬಸ್ಸಿನ ಹೊತ್ತಾಯಿತು. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಸೇರೋಣ. ಮೂಡಿಗೆರೆ, ಕಳಸದ ಕಡೆಯವರು ಶನಿವಾರ ಸಂಜೆಯೇ ಬಂದು ಉಳಿದುಕೊಳ್ಳಬಹುದು, ಲೈನಿನಲ್ಲಿ ನಮ್ಮವರ ಮನೆಗಳಿವೆ, ಹೆಣ್ಣುಮಕ್ಕಳಿಗೆ ಬೇರೆ ಮನೆ ಗೊತ್ತು ಮಾಡಿದ್ದೇವೆ. ಒಂದು ಗದ್ಯಭಾಗದ ಇಪ್ಪತ್ತು ಪ್ರತಿ ನಾನು ತರ್ತೀನಿ. ಪೆನ್ಸಿಲ್ ತನ್ನಿ, ಗಡಿಯಾರ ಇರೋರು ಗಡಿಯಾರ ತನ್ನಿ. ಮನೆಯಲ್ಲಿ ಜಮೀನಿನ ಹಳೇ ಮಂಜೂರಾತಿ ಕಾಗದ ಏನಾದರೂ ಇದ್ದರೆ ಅದರ ಜೆರಾಕ್ಸನ್ನೂ ತನ್ನಿ, ಕೊನೇ ಒಂದು ಗಂಟೆ ಅದನ್ನೇ ಓದೋಣ.

ಜೈ ಭೀಮ್.